ಹೋಗುವವನ ಮಾತು

ಕಳಸದಿಂದ ಕಲ್ಹಕ್ಲಿಗೆ ಹೋಗುವ ಜೀಪಿನಲ್ಲಿ ‘ಸಿಸ್ಟರ್ ಮನೆ ಹತ್ರ ಇಳೀತೇನೆ’ ಎಂದರೆ ಸಾಕು, ಯಾವ ಸಿಸ್ಟರ್ ಎಂದು ಯಾರೂ ಕೇಳುತ್ತಿರಲಿಲ್ಲ. ಗುಡ್ಡದ ಬುಡದಿಂದ ನೆತ್ತಿಯವರೆಗೆ ಚದುರಿಬಿದ್ದಿದ್ದ ಹನ್ನೊಂದು ಹಳ್ಳಿಗಳಿಗೆ ಸರ್ಕಾರ ಕೊಟ್ಟಿದ್ದು ಒಬ್ಬಳೇ ನರ್ಸು. ಹೆಸರು ಜಲಜಾಕ್ಷಿ. ಆ ಹೆಸರನ್ನು ಪೂರ್ತಿ ಬಳಸಿದ್ದು ಹೆಸರಿಟ್ಟ ಅಪ್ಪ ಮತ್ತು ಆಸ್ಪತ್ರೆಯ ಹಾಜರಿ ಪುಸ್ತಕ, ಇಷ್ಟೇ. ಎಪ್ಪತ್ತು ದಾಟಿದ ಮುದುಕರೂ, ಎಸ್ಟೇಟಿನ ಸಾಹುಕಾರರೂ, ಅವಳೇ ಹೆರಿಗೆ ಮಾಡಿಸಿದ ಮಕ್ಕಳೂ ಅವಳನ್ನು ಸಿಸ್ಟರ್ ಎಂದೇ ಕರೆದರು. ಅಷ್ಟು ಜನಕ್ಕೆ ಸಿಸ್ಟರ್ ಆದವಳನ್ನು ಅಕ್ಕ ಎನ್ನುತ್ತಿದ್ದವನು ಒಬ್ಬನೇ, ತಮ್ಮ ದೇವರಾಜ. ಎರಡು ಸಾವಿರದ ಮೂರನೇ ಇಸವಿಯ ಒಂದು ಬೆಳಿಗ್ಗೆ ಅವನು ತಿಂಡಿ ತಿಂದು, ತಟ್ಟೆ ತೊಳೆದಿಟ್ಟು, ಕಾಡು ಸೇರಿದ.

ದೇವರಾಜ ಹುಟ್ಟಿದ ವರ್ಷವೇ ತಾಯಿ ತೀರಿಕೊಂಡಿದ್ದಳು. ಜಲಜಾಕ್ಷಿಗೆ ಆಗ ಹದಿನೈದು. ಅಪ್ಪ ಕೆಲವು ವರ್ಷ ಇದ್ದೂ ಇಲ್ಲದಂತಿದ್ದು, ಆಮೇಲೆ ನಿಜವಾಗಿಯೂ ಇಲ್ಲವಾದ. ಕೂಸನ್ನು ಸೊಂಟಕ್ಕೇರಿಸಿಕೊಂಡೇ ಅವಳು ಎಸ್ಸೆಸ್ಸೆಲ್ಸಿ ಮುಗಿಸಿದಳು, ನರ್ಸಿಂಗ್ ತರಬೇತಿ ಮುಗಿಸಿದಳು, ಕೆಲಸಕ್ಕೆ ಸೇರಿದಳು. ಮದುವೆಯ ಮಾತು ಬಂದಾಗಲೆಲ್ಲ ದೇವೂದು ಈ ಒಂದು ಕ್ಲಾಸು ಮುಗಿಯಲಿ ಎನ್ನುತ್ತಿದ್ದಳು. ಅವನ ಕ್ಲಾಸುಗಳು ಮುಗಿಯುವ ಹೊತ್ತಿಗೆ ಕೇಳಿಕೊಂಡು ಬರುವವರೂ ಮುಗಿದಿದ್ದರು. ಅದಕ್ಕೇನೂ ಅವಳು ಅತ್ತವಳಲ್ಲ. ಮನೆಯಲ್ಲಿ ಎರಡು ತಟ್ಟೆ ಇವೆಯಲ್ಲ, ಸಾಕು ಎಂದುಕೊಂಡಿದ್ದಳು.

ಕಾಡಂಚಿನ ಮನೆಗಳನ್ನು ಎಬ್ಬಿಸುತ್ತಾರೆಂಬ ನೋಟೀಸು ಬಂದಾಗ ಊರವರ ಪರವಾಗಿ ಅರ್ಜಿ ಬರೆದವನು ದೇವರಾಜನೇ. ಒಂದಲ್ಲ, ಹದಿನಾಲ್ಕು ಅರ್ಜಿ. ಹದಿನೈದನೆಯದನ್ನು ಬರೆಯುವ ಬದಲು ಬಂದೂಕು ಹಿಡಿದವರ ಜೊತೆ ನಡೆದುಬಿಟ್ಟ. ಅವನು ಮಾಡಿದ್ದು ಸರಿ ಎಂದು ಅವಳು ಒಂದು ದಿನವೂ ಹೇಳಲಿಲ್ಲ. ತಪ್ಪು ಎಂದು ಹೇಳಿ ಕೈತೊಳೆದುಕೊಳ್ಳಲೂ ಇಲ್ಲ.

ಅಂದಿನಿಂದ ಅವಳ ಮನೆಗೆ ಕಾಯಿಲೆಯವರು ಮಾತ್ರ ಬಂದರು, ಮನುಷ್ಯರು ಬರಲಿಲ್ಲ. ಮೊದಲು ಮಾತ್ರೆ ಇಸಿದುಕೊಂಡು, ಕೂತು, ಸೊಸೆಯ ಮೇಲೊಂದು ದೂರು ಹೇಳಿ ಹೋಗುತ್ತಿದ್ದ ಹೆಂಗಸರು ಈಗ ನಿಂತಲ್ಲೇ ಮಾತ್ರೆ ಪಡೆದು ನಡೆದರು. ಅವರನ್ನು ಅಂದು ಪ್ರಯೋಜನವಿಲ್ಲ. ಅವಳ ಮನೆಯಲ್ಲಿ ಅರ್ಧ ಗಂಟೆ ಕೂತು ಎದ್ದವನೊಬ್ಬನನ್ನು ಪೊಲೀಸರು ಎರಡು ದಿನ ಕೂರಿಸಿಕೊಂಡಿದ್ದರು. ಬಾಣಂತಿಯ ಮನೆಯಿಂದ ಕರೆ ಬರುತ್ತಿತ್ತು, ಅದೇ ಮಗುವಿನ ನಾಮಕರಣಕ್ಕೆ ಬರುತ್ತಿರಲಿಲ್ಲ. ಒಬ್ಬಳೇ ಉಣ್ಣುವುದು ಗಂಟಲಲ್ಲಿ ಇಳಿಯದೆ ಅವಳು ರೇಡಿಯೋ ಹಾಕಿಕೊಂಡು ಊಟಕ್ಕೆ ಕೂರುತ್ತಿದ್ದಳು. ಯಾವ ಕಾರ್ಯಕ್ರಮವಾದರೂ ಆಗುತ್ತಿತ್ತು, ಮನುಷ್ಯರ ದನಿಯೊಂದು ಇದ್ದರೆ ಸರಿ. ಹೀಗಾಗಿ ಕಾಳುಮೆಣಸಿನ ಸೊರಗು ರೋಗದ ಬಗ್ಗೆ ತೋಟದವರಿಗಿಂತ ಅವಳಿಗೇ ಹೆಚ್ಚು ತಿಳಿದಿತ್ತು.

ಎರಡು ಸಾವಿರದ ಆರರ ಫೆಬ್ರವರಿಯಲ್ಲಿ ಆ ಮನೆಗೆ ಕಾಯಿಲೆಯಿಲ್ಲದ ಇಬ್ಬರು ಬಂದರು. ಒಬ್ಬರು ವಸ್ತಾರೆಯ ಮಲ್ಲಿಕಾರ್ಜುನಪ್ಪ ಮೇಷ್ಟ್ರು, ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಇನ್ನೊಬ್ಬ ಕಳಸದಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಅಹಮದ್, ಅವರನ್ನು ತನ್ನ ಜೀಪಿನಲ್ಲಿ ಕರೆದುಕೊಂಡು ಬಂದವನು. ಎರಡು ವರ್ಷದಿಂದ ಕಾಡಿನಲ್ಲಿ ಗುಂಡು ಹಾರುತ್ತಿತ್ತು. ಸರ್ಕಾರ ಮಾತುಕತೆಗೆ ಕರೆದಿತ್ತು, ಕಾಡಿನವರು ನಂಬಿರಲಿಲ್ಲ. ಅವರು ಹೇಳಿದ್ದನ್ನು ಸರ್ಕಾರ ನಂಬಿರಲಿಲ್ಲ. ಸರ್ಕಾರವೂ ಅಲ್ಲದ, ಕಾಡೂ ಅಲ್ಲದ ನಾಲ್ಕು ಜನ ನಡುವೆ ನಿಂತರೆ ಏನಾದರೂ ಆದೀತೆಂದು ಮೇಷ್ಟ್ರು ಒಬ್ಬ ವಕೀಲರನ್ನೂ ಕೆಲವು ಬೆಳೆಗಾರರನ್ನೂ ಕೂಡಿಸಿ ಒಂದು ಸಮಿತಿ ಮಾಡಿದ್ದರು. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಅಂತಾರೆ. ನಡುವೆ ನಿಂತು ಬಿಡಿಸಲು ಹೋದ ಮೂರನೆಯವನಿಗೆ ಏನು ಸಿಗುತ್ತದೆ ಎನ್ನುವುದನ್ನು ಗಾದೆ ಮಾಡಿದವರು ನೋಡಿರಲಿಲ್ಲ.

ಜಿಲ್ಲೆಯ ದೊಡ್ಡ ಅಧಿಕಾರಿಗಳು ಪೊಲೀಸರು ಕಾಡು ಜಾಲಾಡುವ ಕೂಂಬಿಂಗನ್ನು ಒಂದು ತಿಂಗಳು ನಿಲ್ಲಿಸುವುದಾಗಿ ಮೇಷ್ಟ್ರಿಗೆ ಮಾತು ಕೊಟ್ಟಿದ್ದರು. ಕಾಡಿನವರು ಕಳಸದ ಪ್ರವಾಸಿ ಬಂಗಲೆಗೆ ಬಂದು ಕೂತು ಮಾತಾಡಬೇಕು, ಒಪ್ಪಿಗೆಯಾಗದಿದ್ದರೆ ಬಂದ ದಾರಿಯಲ್ಲೇ ವಾಪಸು ಹೋಗಬಹುದು. ಈ ಮಾತನ್ನು ಮುಟ್ಟಿಸುವವರು ಬೇಕಿತ್ತು. ಲಸಿಕೆ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಯಾವ ಕಾಡಿನ ಮನೆಗೂ ಹೋಗಬಲ್ಲವಳು ಜಲಜಾಕ್ಷಿ ಒಬ್ಬಳೇ. ಹೋಗುತ್ತೀರಾ ಎಂದು ಮೇಷ್ಟ್ರು ಕೇಳಿ ಮುಗಿಸುವ ಮೊದಲೇ ಅವಳು ಹೂಂ ಅಂದಿದ್ದಳು. ಜಿಲ್ಲೆಯ ಶಾಂತಿಗಾಗಿ ಅಂದಳೆಂದು ಯಾರೂ ತಿಳಿಯಬೇಕಾಗಿಲ್ಲ. ಮೂರು ವರ್ಷದಿಂದ ನೋಡದ ತಮ್ಮನನ್ನು ನೋಡಬೇಕಿತ್ತು, ಜೀವಸಹಿತ ಮನೆಗೆ ಕರೆತರಬೇಕಿತ್ತು, ಅಷ್ಟೇ.

ಮಾರ್ಚಿ ತಿಂಗಳಲ್ಲಿ, ಗುಡ್ಡದ ತುದಿಯ ಏಲಕ್ಕಿ ತೋಟದ ಗುಡಿಸಲಿನಲ್ಲಿ ಅವನು ಸಿಕ್ಕಿದ. ಗಡ್ಡ ಬಂದಿತ್ತು, ಕೆನ್ನೆ ಒಳಗೆ ಹೋಗಿತ್ತು. ಕಟ್ಟಿಕೊಂಡು ಹೋಗಿದ್ದ ರೊಟ್ಟಿಯನ್ನು ಎರಡೇ ತುತ್ತಿಗೆ ಮುಗಿಸಿದ. ಅವಳು ಸಮಿತಿಯ ಮಾತನ್ನು ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದಳು. ಅವನು ತಲೆ ತಗ್ಗಿಸಿ ಕೇಳಿದ.

“ಕೇಳಿ ಹೇಳ್ಬೇಕು. ನಾನೊಬ್ನೇ ಅಲ್ಲ ಅಲ್ವಾ” ಎಂದ. ಹೊರಗೆ ಯಾರೋ ಕೆಮ್ಮಿದರು. ಎದ್ದು ಬಂದೂಕನ್ನು ಹೆಗಲಿಗೇರಿಸಿ, “ಬರ್ತೇನೆ ಅಕ್ಕ” ಎಂದು ಏಲಕ್ಕಿ ಗಿಡಗಳ ನಡುವೆ ಮೇಲಕ್ಕೆ ಹತ್ತಿ ಹೋದ. ಅವನು ಬಂದದ್ದು, ತಿಂದದ್ದು, ಹೋದದ್ದು ಎಲ್ಲ ಸೇರಿ ಕಾಲು ಗಂಟೆಯಾಗಿರಬಹುದು.

ಅವಳು ಆರು ಮೈಲಿ ಇಳಿದು ಬಂದಳು. ಮೊದಲ ಮೈಲಿಯಲ್ಲಿ ಕಿವಿಯೊಳಗೆ ಎರಡು ಮಾತುಗಳೂ ಇದ್ದವು. ಹಳ್ಳ ದಾಟುವ ಹೊತ್ತಿಗೆ ‘ಕೇಳಿ ಹೇಳ್ಬೇಕು’ ಎಂಬುದು ಮಸುಕಾಯಿತು. ಕೆಳಗಿನ ರಸ್ತೆಗೆ ಬಂದಾಗ ಒಂದೇ ಮಾತು ಉಳಿದಿತ್ತು. ಜೀಪಿನ ಹತ್ತಿರ ಕಾಯುತ್ತಿದ್ದ ಮೇಷ್ಟ್ರು ಏನಂದ ಎಂದು ಕೇಳಿದರು.

“ಬರ್ತೇನೆ ಅಂದ” ಎಂದಳು ಜಲಜಾಕ್ಷಿ.

ಮೇಷ್ಟ್ರಿಗೆ ಅಷ್ಟು ಸಾಕಾಯಿತು. ‘ಮಾತುಕತೆಗೆ ಬರಲು ಒಪ್ಪಿರುತ್ತಾರೆ’ ಎಂದು ಅಧಿಕಾರಿಗಳಿಗೆ ಬರೆದು ಕೊಟ್ಟರು. ದಿನ ಗೊತ್ತಾಯಿತು, ಆ ದಿನ ಯಾವುದೆಂದು ಪತ್ರಿಕೆಗಳಲ್ಲೂ ಬಂತು. ಕಾಡಿನವರೂ ಪತ್ರಿಕೆ ಓದುತ್ತಾರೆ, ಗೊತ್ತಾಗುತ್ತದೆ ಎಂಬುದು ಎಲ್ಲರ ಲೆಕ್ಕಾಚಾರ. ಆ ದಿನ ಬಂಗಲೆಯ ದೊಡ್ಡ ಕೋಣೆಯಲ್ಲಿ ಮೇಜಿನ ಈಚೆ ಅಧಿಕಾರಿಗಳು, ನಡುವೆ ಸಮಿತಿಯವರು, ಆಚೆ ಆರು ಖಾಲಿ ಕುರ್ಚಿ. ಜಲಜಾಕ್ಷಿ ಹೊಸ ಸೀರೆ ಉಟ್ಟುಕೊಂಡು ಬಾಗಿಲ ಬಳಿ ನಿಂತಿದ್ದಳು. ಹತ್ತು ಗಂಟೆಗೆ ತಂದ ಕಾಫಿ ಆರಿತು, ಹನ್ನೆರಡಕ್ಕೆ ಮತ್ತೆ ತಂದರು. ಮೂರು ಗಂಟೆಗೆ ದೊಡ್ಡ ಸಾಹೇಬರು ಎದ್ದು, ಏನೂ ಅನ್ನದೆ ಕಾರು ಹತ್ತಿದರು. ಅವರು ಬೈದಿದ್ದರೆ ಮೇಷ್ಟ್ರಿಗೆ ಅಷ್ಟು ಅವಮಾನವಾಗುತ್ತಿರಲಿಲ್ಲ.

ಮಾರನೆಯ ದಿನ ‘ಮಾತಿಗೆ ತಪ್ಪಿದರು’ ಎಂದು ಸುದ್ದಿ ಬಂತು. ವಾರದೊಳಗೆ ಕಳಸದ ಬಸ್‌ಸ್ಟ್ಯಾಂಡಿನ ಗೋಡೆಗೆ ಕೈಬರಹದ ಕರಪತ್ರ ಅಂಟಿತ್ತು: ನಾವು ಯಾರಿಗೂ ಮಾತು ಕೊಟ್ಟಿಲ್ಲ, ಸಮಿತಿ ಎಂಬುದು ಸರ್ಕಾರ ಬೀಸಿದ ಬಲೆ. ಇವರ ಪ್ರಕಾರ ಅವರು ಸುಳ್ಳರು, ಅವರ ಪ್ರಕಾರ ಇವರು ಸುಳ್ಳರು. ಕೂಂಬಿಂಗ್ ಮತ್ತೆ ಶುರುವಾಯಿತು. ಸಮಿತಿಯ ಬೆಳೆಗಾರರಿಗೆ ಇದ್ದಕ್ಕಿದ್ದಂತೆ ತೋಟದಲ್ಲಿ ಕೆಲಸ ಹೆಚ್ಚಾಯಿತು, ವಕೀಲರಿಗೆ ಕೋರ್ಟಿನಲ್ಲಿ. ಉಳಿದವರು ಮೇಷ್ಟ್ರು ಮತ್ತು ಅಹಮದ್. ವಸ್ತಾರೆಯ ಹುಡುಗರು ಮೇಷ್ಟ್ರಿಗೆ ಮಾತಿನ ಮಲ್ಲಪ್ಪ ಎಂದು ಹೆಸರಿಟ್ಟರು. ಅವರ ಹತ್ತಿರ ಕಲಿತ ಹುಡುಗರೇ, ಕಲಿಸಿದ ಕನ್ನಡ ವ್ಯರ್ಥವಾಗಲಿಲ್ಲ.

ಜಲಜಾಕ್ಷಿಗೆ ತಮ್ಮನ ಮೇಲೆ ಸಿಟ್ಟು ಬಂದಿತ್ತು. ಅಕ್ಕನಿಗೆ ಮಾತು ಕೊಟ್ಟು ತಪ್ಪಿದನಲ್ಲ ಎಂದು ಎರಡು ತಿಂಗಳು ಕುದ್ದಳು. ಜೂನ್ ಮೊದಲ ವಾರ, ಮಳೆ ಹಿಡಿದ ದಿನ, ಅಹಮದ್ ಅವಳನ್ನು ಆಸ್ಪತ್ರೆಯ ಮೀಟಿಂಗಿನಿಂದ ಕರೆತಂದು ಮನೆಯ ಮುಂದೆ ಇಳಿಸಿದ. ಟಾರ್ಪಾಲಿನ ಸಂದಿಯಿಂದ ತಲೆ ಹೊರಹಾಕಿ, “ಬರ್ತೇನೆ ಸಿಸ್ಟರ್” ಎಂದು ಜೀಪು ತಿರುಗಿಸಿಕೊಂಡು ಹೋಗಿಬಿಟ್ಟ.

ಅವಳು ಕೊಡೆ ಬಿಚ್ಚದೆ ಅಲ್ಲೇ ನಿಂತಳು. ಅಹಮದ್ ವಾಪಸು ಬರುತ್ತಾನೆಂದು ಅವಳೇನೂ ಕಾಯುವುದಿಲ್ಲವಲ್ಲ. ನಮ್ಮ ಕಡೆ ಹೊಸ್ತಿಲು ದಾಟುವವರು ಯಾರು ತಾನೇ ಹೋಗ್ತೇನೆ ಅನ್ನುತ್ತಾರೆ? ಹೋಗ್ತೇನೆ ಎಂದ ಮಕ್ಕಳಿಗೆ, ಬಿಡ್ತು ಅನ್ನು, ಬರ್ತೇನೆ ಅನ್ನು ಎಂದು ತಿದ್ದುತ್ತೇವೆ. ದೇವರಾಜನಿಗೆ ಎರಡು ವರ್ಷವಿದ್ದಾಗ ಹಾಗೆ ತಿದ್ದಿದವಳು ಇವಳೇ. ಅವನು ಮಾತು ಕೊಟ್ಟಿರಲೂ ಇಲ್ಲ, ತಪ್ಪಿರಲೂ ಇಲ್ಲ. ಹೊರಟಿದ್ದ, ಹೇಳಿ ಹೊರಟಿದ್ದ. ಇಷ್ಟು ದಿನ ಅದು ಅವಳಿಗೆ ಗೊತ್ತಿರಲಿಲ್ಲವೇ ಎಂದರೆ ಗೊತ್ತಿತ್ತು. ಹೆತ್ತವಳಂತೆ ಸಾಕಿದವಳಿಗೆ ಬೇಕಾದದ್ದು ಕೇಳಿಸಿತ್ತು, ಕೇಳಿಸಿದ್ದನ್ನು ಹೇಳಿದ್ದಳು, ಹೇಳಿದ್ದು ಜಿಲ್ಲೆಯ ಕಡತ ಸೇರಿತ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಅಂದೇ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಸರ್ಕಾರಿ ಕೆಲಸ ಹೋದೀತೆಂಬ ಭಯವಿತ್ತು. ಅದಕ್ಕಿಂತ ಮಿಗಿಲಾಗಿ, ಹೇಳಿದರೆ ದೇವೂ ಬರುತ್ತೇನೆಂದು ಯಾವತ್ತೂ ಅಂದಿರಲಿಲ್ಲ ಎಂದಾಗುತ್ತಿತ್ತು. ಸುಳ್ಳಾದರೂ ಅವಳ ಹತ್ತಿರ ಇದ್ದದ್ದು ಅದೊಂದೇ ಮಾತು. ಅದನ್ನು ಇಟ್ಟುಕೊಂಡು ಅವಳು ಜೂನ್, ಜುಲೈ, ಆಗಸ್ಟ್ ಕಳೆದಳು. ಆ ವರ್ಷದ ಮಳೆಯಲ್ಲಿ ಹಳ್ಳ ದಾಟುವ ಎರಡು ಸಂಕ ಕೊಚ್ಚಿ ಹೋಗಿ, ಕಾಯಿಲೆಯವರೂ ಬರುವುದು ಕಡಿಮೆಯಾಯಿತು. ರೇಡಿಯೋದ ಸೆಲ್ಲು ಮುಗಿದಾಗ ಒಮ್ಮೆ ನಾಲ್ಕು ದಿನ ಯಾರ ದನಿಯನ್ನೂ ಕೇಳದೆ ಇದ್ದಳು. ಐದನೆಯ ದಿನ ಔಷಧಿಗೆ ಬಂದ ಮುದುಕನನ್ನು ಮಾತಾಡಿಸಹೋದರೆ ಗಂಟಲು ಕಟ್ಟಿಕೊಂಡಿತ್ತು.

ಸೆಪ್ಟೆಂಬರಿನಲ್ಲಿ ಕಾಡಿನೊಳಗೆ ಗುಂಡಿಗೆ ಸಿಕ್ಕಿ ಒಬ್ಬ ಯುವಕ ಸತ್ತನೆಂದು, ಗುರುತು ತಿಳಿದಿಲ್ಲವೆಂದು ಸುದ್ದಿ ಬಂತು. ಜಲಜಾಕ್ಷಿ ಕಳಸಕ್ಕೆ ಹೋಗಿ ಅಹಮದನ ಗ್ಯಾರೇಜಿನಲ್ಲಿ ಪತ್ರಿಕೆ ಬಿಡಿಸಿದಳು. ಫೋಟೋದಲ್ಲಿದ್ದದ್ದು ಬೇರೆ ಮುಖ. ಅವಳ ಬಾಯಿಂದ ‘ಸದ್ಯ’ ಎಂದು ಬಂದುಬಿಟ್ಟಿತು.

ಅಹಮದ್ ಕೈಯಲ್ಲಿದ್ದ ಸ್ಪಾನರು ಕೆಳಗಿಟ್ಟ. ಇಪ್ಪತ್ತು ಇಪ್ಪತ್ತೆರಡರ ಹುಡುಗ ಸತ್ತು ಬಿದ್ದಿದ್ದಾನೆ, ಅವನಿಗೂ ಯಾರೋ ಒಬ್ಬಳು ಅಕ್ಕ ಇದ್ದಾಳು, ನಾನು ಅದಕ್ಕೆ ಸದ್ಯ ಅಂದೆ ಎಂದುಕೊಂಡಳು ಅವಳು. ಆ ಮಾತು ಅವಳಿಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಮನೆಗೆ ಹೋಗುವ ಜೀಪು ಬಿಟ್ಟು ಚಿಕ್ಕಮಗಳೂರು ಬಸ್ಸು ಹತ್ತಿ ವಸ್ತಾರೆಯಲ್ಲಿ ಇಳಿದಳು.

ಮೇಷ್ಟ್ರು ಪೂರ್ತಿ ಕೇಳಿದರು. ಬೈಯಲಿಲ್ಲ. ನಲವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದ ತನಗೂ ಆ ಮಾತು ತಿಳಿಯದೆ ಹೋಯಿತಲ್ಲ ಎಂದರು, ತನಗೂ ಬೇಕಾದದ್ದೇ ಕೇಳಿಸಿತು ಎಂದರು. ಆಮೇಲೆ ಹೇಳಿದರು:

“ಇದನ್ನ ನಾನು ಹೇಳಿದ್ರೆ ಇನ್ನೊಂದು ಸುಳ್ಳು ಅಂತಾರೆ ತಾಯಿ. ನಿಮ್ಮ ಹೆಸರಲ್ಲೇ ಬರ್ಬೇಕು. ಬಂದ್ರೆ ನಿಮ್ಮನ್ನ ಯಾರೂ ಉಳಿಸೋಕಾಗಲ್ಲ, ನಾನೂ ಸಹ.”

“ಬರೀರಿ. ರುಜು ಹಾಕ್ತೇನೆ” ಎಂದಳು ಅವಳು.

ಹೇಳಿಕೆ ನಾಲ್ಕೇ ಸಾಲಿನದು. ‘ನನ್ನ ತಮ್ಮ ಬರ್ತೇನೆ ಎಂದದ್ದು ಹೊರಡುವಾಗ. ಅದು ಹೋಗುವವನ ಮಾತು. ಬರುವವನ ಮಾತೆಂದು ನಾನು ಹೇಳಿದೆ. ಕಾಡಿನವರೂ ಸುಳ್ಳು ಹೇಳಿಲ್ಲ, ಅಧಿಕಾರಿಗಳೂ ಸುಳ್ಳು ಹೇಳಿಲ್ಲ, ತಪ್ಪು ನನ್ನದು.’ ಎಲ್ಲ ಪತ್ರಿಕೆಗಳಲ್ಲೂ ಬಂತು. ಅನುಮತಿಯಿಲ್ಲದೆ ಹೇಳಿಕೆ ಕೊಟ್ಟದ್ದಕ್ಕೆ ಇಲಾಖೆ ಅವಳನ್ನು ಸಸ್ಪೆಂಡ್ ಮಾಡಿತು. ಔಷಧಿ ಇಲ್ಲವೆಂದ ಮೇಲೆ ಮನೆಗೆ ಯಾರೂ ಬರುವಂತಿರಲಿಲ್ಲ. ಕಳಸದ ಪೇಟೆಯಲ್ಲಿ ಅವಳು ನಡೆದರೆ ಪಡ್ಡೆ ಹುಡುಗರು ಹಿಂದಿನಿಂದ, “ಬರ್ತೇನೆ ಸಿಸ್ಟರ್” ಎಂದು ರಾಗ ಎಳೆದು ಹಲ್ಲು ಕಿಸಿದರು. ಅವಳು ಸಂತೆಗೆ ಹೋಗುವುದನ್ನು ಬಿಟ್ಟಳು. ಬೇಕಾದ ಸಾಮಾನನ್ನು ಅಹಮದ್ ತಂದು ಬಾಗಿಲಲ್ಲಿಟ್ಟು, ಹೊರಡುವಾಗ ಏನನ್ನಬೇಕೆಂದು ತಿಳಿಯದೆ ಬರೀ ಕೈಯೆತ್ತಿ ಹೋಗುತ್ತಿದ್ದ.

ಆದರೆ ಕಟ್ಟಿಕೊಂಡಿದ್ದ ನೀರು ಅಲ್ಲಿಂದಲೇ ಸಡಿಲವಾಯಿತು. ದೊಡ್ಡ ಸಾಹೇಬರು ಹೇಳಿಕೆಯನ್ನು ಎರಡು ಸಲ ಓದಿ, ಹಾಗಾದರೆ ಯಾರೂ ಮಾತಿಗೆ ತಪ್ಪಿಲ್ಲ ಎಂದರಂತೆ. ಮಾತಿಗೆ ತಪ್ಪಿದವರೊಡನೆ ಸರ್ಕಾರ ಮತ್ತೆ ಕೂರುವಂತಿಲ್ಲ, ತಪ್ಪದವರೊಡನೆ ಕೂರಬಹುದು. ಮೇಷ್ಟ್ರು ಕೊಡೆ ಹಿಡಿದುಕೊಂಡು ಬೆಳೆಗಾರರ ಮನೆಮನೆಗೆ ತಿರುಗಿ ಸಮಿತಿಯನ್ನು ಮತ್ತೆ ಕೂಡಿಸಿದರು. ಕೂಂಬಿಂಗ್ ಮತ್ತೆ ನಿಂತಿತು. ಈ ಸಲ ಬಾಯಿಮಾತು ಬೇಡ, ಬರುವವರು ಬರೆದು ಕಳಿಸಲಿ ಎಂದು ಸಮಿತಿ ಪತ್ರಿಕೆಯಲ್ಲಿ ಕೇಳಿಕೊಂಡಿತು. ನವೆಂಬರ್ ಕೊನೆಯಲ್ಲಿ ಮೇಷ್ಟ್ರ ಮನೆಗೆ ಅಂಚೆಯಲ್ಲಿ ಚೀಟಿ ಬಂತು. ಜನವರಿ ಹತ್ತರಂದು ಬರುತ್ತೇವೆ ಎಂದು ಬರೆದು, ಕೆಳಗೆ ನಾಲ್ಕು ಹೆಸರಿದ್ದವು. ಮೊದಲನೆಯದು ದೇವರಾಜ. ಅಕ್ಷರವೂ ಅವನದೇ, ಹದಿನಾಲ್ಕು ಅರ್ಜಿ ಬರೆದ ಅಕ್ಷರ.

ಡಿಸೆಂಬರಿನಲ್ಲಿ ಜಲಜಾಕ್ಷಿ ಮನೆಗೆ ಸುಣ್ಣ ಹೊಡೆದಳು. ಹಾಸಿಗೆ ಬಿಸಿಲಿಗೆ ಹಾಕಿದಳು. ಕೇಸು, ಕೋರ್ಟು, ಜೈಲು ಎಲ್ಲ ಇದೆ ಎಂದು ಮೇಷ್ಟ್ರು ಎಚ್ಚರಿಸಿದರೆ, ಇರಲಿ, ಜೈಲಿನಲ್ಲಿದ್ದರೆ ವಾರಕ್ಕೊಮ್ಮೆ ನೋಡಲು ಬಿಡುತ್ತಾರಲ್ಲ ಎಂದಳು.

ಜನವರಿ ಹತ್ತಕ್ಕೆ ಬಂಗಲೆ ಬೇಡವೆಂದು ಮೇಷ್ಟ್ರು ಒಬ್ಬ ಸಣ್ಣ ಬೆಳೆಗಾರರ ಕಣದಲ್ಲಿ ಏರ್ಪಾಟು ಮಾಡಿದ್ದರು. ಪತ್ರಿಕೆಯವರಿಗೆ ಹೇಳಿರಲಿಲ್ಲ. ಕಾಫಿ ಹಣ್ಣು ಒಣಗಲು ಹಾಕಿದ್ದ ಒಂದು ಬದಿಯನ್ನು ಗುಡಿಸಿ ಚಾಪೆ ಹಾಸಿದ್ದರು. ಹನ್ನೊಂದು ಗಂಟೆಗೆ ತೋಟದ ಮೇಲಿನ ದಾರಿಯಿಂದ ಒಬ್ಬೊಬ್ಬರಾಗಿ ಇಳಿದರು. ಇಬ್ಬರು ಹುಡುಗರು, ಹಿಂದೆ ಒಬ್ಬಳು ಹುಡುಗಿ. ಅವಳ ಹಿಂದೆ ಯಾರೂ ಇರಲಿಲ್ಲ. ಜಲಜಾಕ್ಷಿ ದಾರಿಯನ್ನೇ ನೋಡುತ್ತಿದ್ದಳು. ಹುಡುಗಿ ನೆಟ್ಟಗೆ ಅವಳ ಹತ್ತಿರ ಬಂದಳು. ಮೇಲಿನ ಹಳ್ಳಿಯ ಗುರುವಯ್ಯನ ಮಗಳು ಸುಗುಣ, ಚಿಕ್ಕವಳಿದ್ದಾಗ ಇವಳ ಕೈಯಲ್ಲೇ ಸೂಜಿ ಚುಚ್ಚಿಸಿಕೊಂಡವಳು.

“ದೇವರಾಜಣ್ಣಂಗೆ ಜ್ವರ ಬಂತು ಸಿಸ್ಟರ್” ಎಂದಳು.

ಯಾವಾಗ ಎಂದು ಕೇಳಿದಳು ಜಲಜಾಕ್ಷಿ. ಡಿಸೆಂಬರ್ ಎರಡನೇ ವಾರ. ಎಷ್ಟು ದಿನ ಇತ್ತು? ಒಂಬತ್ತು ದಿನ. ಕಣ್ಣು ಕೆಂಪಾಗಿತ್ತಾ, ಮೈಕೈ ನೋವಿತ್ತಾ, ಒಸಡಿನಲ್ಲಿ ರಕ್ತ ಬಂತಾ? ಬಂತು. ಮಂಗನ ಕಾಯಿಲೆ. ಯಾವ ರೋಗಿಯ ಮನೆಯಲ್ಲಾದರೂ ಕೇಳುವ ಪ್ರಶ್ನೆಗಳನ್ನೆಲ್ಲ ಅವಳು ಅದೇ ದನಿಯಲ್ಲಿ, ಅದೇ ಕ್ರಮದಲ್ಲಿ ಕೇಳಿದಳು. ನೀರು ಕುಡಿಸಿದ್ದು ಯಾರು ಎಂದಳು. ನಾನೇ ಎಂದಳು ಸುಗುಣ. ಆಮೇಲೆ ಕೇಳಲು ಪ್ರಶ್ನೆ ಉಳಿಯಲಿಲ್ಲ.

“ನಿಮ್ದು ಪೇಪರಲ್ಲಿ ಬಂದಿದ್ದನ್ನ ಅಣ್ಣ ಓದಿ ತುಂಬಾ ನಕ್ಕಿದ್ರು” ಎಂದಳು ಸುಗುಣ. “ನಮ್ಮಕ್ಕ ತಪ್ಪು ಒಪ್ಕೊಂಡಿದ್ದು ಹುಟ್ಟಿದ ಮೇಲೆ ಇದೇ ಮೊದ್ಲು, ಇನ್ನು ನಾವೂ ಇಳೀಬಹುದು ಅಂದ್ರು. ನಮ್ಮನ್ನೆಲ್ಲ ಒಪ್ಸಿದ್ದೇ ಅವ್ರು.”

ಜಲಜಾಕ್ಷಿ ಮೇಷ್ಟ್ರ ಕಡೆ ತಿರುಗಿದಳು. “ಸರ್, ನಾನು ಜೂನಲ್ಲೇ ಹೇಳಿದ್ರೆ?” ಎಂದಳು.

ಮೇಷ್ಟ್ರು ಅವಳ ಪಕ್ಕ ಚಾಪೆಯ ಮೇಲೆ ಕೂತರು. ಜೂನ್ ಆಗಿದ್ದರೆ ಸೆಪ್ಟೆಂಬರಿಗೆ ಇಳಿಯುತ್ತಿದ್ದರು. ಸೆಪ್ಟೆಂಬರಿಗೆ ಇಳಿದಿದ್ದರೆ ಆ ಪತ್ರಿಕೆಯ ಫೋಟೋದ ಹುಡುಗನೂ ಬದುಕಿರುತ್ತಿದ್ದ, ದೇವೂನೂ ಬದುಕಿರುತ್ತಿದ್ದ. ಇದನ್ನು ಕೂಡಿ ಕಳೆಯಲು ಹೆಡ್‌ಮಾಸ್ಟರು ಬೇಕಾಗಿರಲಿಲ್ಲ. ಅವಳು ಅಳಲಿಲ್ಲ, ಅಳಲು ತನಗೆ ಹಕ್ಕಿಲ್ಲವೆಂದು ಅವಳಿಗೆ ಅನಿಸಿತ್ತು. ಕಣದ ಆ ತುದಿಯಲ್ಲಿ ಮಾತುಕತೆ ಶುರುವಾಗಿತ್ತು. ಸಾಹೇಬರು ಮೂವರಿಗೂ ಕೂರಲು ಹೇಳಿದರು. ಸಂಜೆ ನಾಲ್ಕರ ಹೊತ್ತಿಗೆ ಕೇಸುಗಳ ವಿಷಯ, ಕಾಡಂಚಿನ ಮನೆಗಳ ವಿಷಯ ಒಂದು ಹಂತಕ್ಕೆ ಬಂದಿತ್ತು. ಮೇಷ್ಟ್ರು ಕರೆಸಿದ್ದ ಗುರುವಯ್ಯ ಮಗಳ ತಲೆ ಸವರಿ ಸವರಿ ನೋಡುತ್ತಿದ್ದ. ಅವನು ಬಂದು ಕಾಲಿಗೆ ಬಿದ್ದಾಗ ಜಲಜಾಕ್ಷಿ ಎಬ್ಬಿಸಿ, ಹುಡುಗಿಗೆ ರಕ್ತ ಕಡಿಮೆಯಿದೆ, ಸೊಪ್ಪು ತಿನ್ನಿಸು ಎಂದಳು.

ಮಾರನೆಯ ದಿನ ಬೆಳಿಗ್ಗೆ ಅವಳ ಮನೆಗೆ ಜನ ಬಂದರು. ಮೊದಲು ಕೆಳಮನೆಯ ಅಜ್ಜಿ, ಆಮೇಲೆ ಅಕ್ಕಪಕ್ಕದ ಹೆಂಗಸರು, ಆಮೇಲೆ ಮೂರು ವರ್ಷದಿಂದ ಅವಳ ಅಂಗಳ ತುಳಿಯದ ಗಂಡಸರು. ಒಳಗೆ ಜಾಗ ಸಾಲದೆ ಹೊರಗೂ ಕೂತರು. ಯಾರೂ ಅವಸರ ಮಾಡಲಿಲ್ಲ. ದೇವರಾಜ ಸಣ್ಣವನಿದ್ದಾಗ ಎಷ್ಟು ಚೂಟಿಯಾಗಿದ್ದ ಎಂದು ಒಬ್ಬರು ತೆಗೆದರು, ಎಲ್ಲರೂ ಒಂದೊಂದು ನೆನಪು ಸೇರಿಸಿದರು. ಅವನ ಹೆಸರನ್ನು ಈಗ ಗಟ್ಟಿಯಾಗಿ ಹೇಳಬಹುದಿತ್ತು.

ಕೆಳಮನೆಯ ಅಜ್ಜಿ ಜಲಜಾಕ್ಷಿಯ ಕೈ ಹಿಡಿದುಕೊಂಡು ಬೆನ್ನು ಸವರಿದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು:

“ಇನ್ನು ನಿನ್ನ ಮನೆಗೆ ಬರೋಕೆ ಯಾರಿಗೂ ಹೆದ್ರಿಕೆ ಇಲ್ಲ ಮಗಾ.”

ಹೌದು ಅಜ್ಜಿ ಎಂದಳು ಜಲಜಾಕ್ಷಿ. ಎದ್ದು ಒಳಗೆ ಹೋಗಿ, ಅಷ್ಟೂ ಜನಕ್ಕೆ ಸಾಲುವಷ್ಟು ಕಾಫಿಗೆ ದೊಡ್ಡ ಪಾತ್ರೆಯಲ್ಲಿ ನೀರಿಟ್ಟಳು.